ಶೀಗಿ ಹುಣ್ಣಿಮೆಯ ಇಬ್ಬರು ಬಸುರಿಯರು

ಐನಾಪುರ, ಹುಣ್ಣಿಮೆಯ ಮರುದಿನ

ಮಹಾಸಭೆಯ ಮಾನ್ಯರೇ, ಈ ಕಾರ್ಡನ್ನು ದಾರಿಯಲ್ಲೇ ಓದುವ ಪೋಸ್ಟ್‌ಮ್ಯಾನ್ ಮಹಾಶಯರೇ, ಕೊನೆಗೆ ಪ್ರೀತಿಯ ಅಕ್ಕಾ,

ಈ ಸೀಮೆಯಲ್ಲಿ ಕಬ್ಬು ಎತ್ತರ, ಜನ ಹತ್ತಿರ. ಈಗಂತೂ ಬಿಸಿಲು ಹಿತ, ಗಾಳಿ ಮಿತ. ನಿನ್ನೆ ಇಲ್ಲಿ, ಪೈರು ತುಂಬಿ ಬಸುರಾದ ಭೂಮಿಗೆ ಬಯಕೆಯೂಟ ಬಡಿಸುವ ಹಬ್ಬ. ನಮ್ಮ ಬಾಡಿಗೆ ಮನೆಯ ಮಾಲಕಿ ಅಕ್ಕವ್ವ ಬೆಳಗ್ಗೆಯೇ ಕಡಬು ಕರಿದು, ಬುಟ್ಟಿ ಹೊತ್ತು ಜೋಳದ ಹೊಲಕ್ಕೆ ನಡೆದರು. ಕಡಬಿನ ಅಂಚು ಮಡಿಸಲು ಕೂತಿದ್ದ ಬಸುರಿಯೊಬ್ಬಳೂ ಹಿಂದೆಯೇ ಹೊರಟಳು. ವಯಸ್ಸು ನಲವತ್ತೈದು, ಚೊಚ್ಚಲ ಬಸುರು. ನಗುತ್ತಾರೆಂಬ ಅಂಜಿಕೆಯಿಂದ ಐದು ತಿಂಗಳಾದರೂ ತವರಿಗೆ ತಿಳಿಸಿಲ್ಲ, ಪಾಪ.

ಅಕ್ಕವ್ವ ಹೊಲದಲ್ಲಿ ಐದು ಕಲ್ಲಿಟ್ಟು ಪೂಜಿಸಿದರು. ಚರಗ ಚೆಲ್ಲಿದರು, ಅಂದರೆ ಅಡುಗೆಯನ್ನೆಲ್ಲ ಕಲಸಿ ಪೈರಿನ ನಡುವೆ ಎರಚಿದರು. ಆಮೇಲೆ ಕಡಬುಗಳನ್ನು ಬಸುರಿಯ ತಟ್ಟೆಗೆ ಸುರಿದರು.

“ಸಾಕು ಅಕ್ಕವ್ವ, ಈ ವಯಸ್ಸಲ್ಲಿ ಬಯಕೆಯೂಟ ಅಂದ್ರೆ ಜನ ನಗ್ತಾರೆ.”

“ಯಾಕವಾ? ಭೂಮ್ತಾಯಿಗೆ ನಿನಕಿಂತ ವಯಸ್ಸಾಗೇತಿ. ಆದ್ರೂ ವರ್ಷಾ ಬಸರಾಗ್ತಾಳ. ಯಾರರ ನಕ್ಕಾರೇನ? ಸುಮ್ಮ ತಿನ್ನು!”

ಎಂಥ ಹೆಂಗಸು, ಎಂಥ ಮಾತು! ಅಲ್ಲಿಗೆ ನಾಚಿಕೆ ಹೊಲದ ಪಾಲು, ಕಡಬು ಹೊಟ್ಟೆಯ ಪಾಲು.

ಬಸುರಿಯ ಬಿ.ಪಿ. ಸರಿಯಿದೆ, ಕಾಲು ಮಾತ್ರ ಸ್ವಲ್ಪ ಊದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಅಕ್ಕಾ, ಅವಳು ನಾನೇ. ಮೊದಲು ನೀನು ನಕ್ಕು ಮುಗಿಸು, ಆಮೇಲೆ ಅಮ್ಮನಿಗೆ ಹೇಳು.

ನಿನ್ನ ತಂಗಿ