ಹಳದಿ ಪ್ಲೇಟಿನ ಕಾರು

ಅಪ್ಪಾ,

ನಿನ್ನ ಮಗಳ ಕಾರಿಗೆ ಇವತ್ತು ವಿಮೆ ಸಿಕ್ಕಿತು. ಕುಡಿದು ಓಡಿಸಿ ಶಿಕ್ಷೆಯಾದವಳೆಂದು ಎಲ್ಲ ಕಂಪನಿಗಳೂ ಬಾಗಿಲು ಹಾಕಿದ್ದವು. ಕೊನೆಗೆ ಟೊಲೀಡೊದ ಏಜೆಂಟ್ ಲೊರೇನ್ ಒಪ್ಪಿದಳು. ಕಿಟಕಿಯಾಚೆ ನನ್ನ ಕಾರಿನ ಹಳದಿ ನಂಬರ್ ಪ್ಲೇಟ್ ನೋಡಿ ನಕ್ಕಳು. ಕುಡಿದು ಓಡಿಸಿ ಸಿಕ್ಕಿಬಿದ್ದವರ ಕಾರಿಗೆ ಓಹಾಯೊ ರಾಜ್ಯ ಬರೆಯುವ ಹಣೆಬರಹ ಅದು.

"ಒಳ್ಳೇದೇ ಆಯ್ತು ಬಿಡಮ್ಮ. ಅದನ್ನ ನೋಡಿದ್ರೆ ಇಡೀ ಊರೇ ದಾರಿ ಬಿಡುತ್ತೆ."

"ಬಿಡ್ಲಿ, ನಂಗೂ ಬೇಗ ಹೋಗ್ಬೇಕು" ಅಂದೆ.

ಕಾರಿಗೆ ಅಳವಡಿಸಿರುವ ಉಸಿರು ಪರೀಕ್ಷಿಸುವ ಯಂತ್ರದೊಳಗೆ ಊದಿದೆ. ಉಸಿರಿನಲ್ಲಿ ಹೆಂಡವಿಲ್ಲವೆಂದು ಅದು ಒಪ್ಪಿದ ಮೇಲೆ ಎಂಜಿನ್ ಗುರ್ರೆಂದಿತು. ಬೇಕೆಂದೇ ಮುಖ್ಯ ಬೀದಿಯಲ್ಲಿ, ತಲೆಯೆತ್ತಿಕೊಂಡು ಓಡಿಸಿದೆ.

"ನೀನು ಓಡಿಸೋ ಕಾರಲ್ಲಿ ಇನ್ನು ಕೂರಲ್ಲ" ಎಂದು ನೀನು ಹೇಳಿದ್ದೆ, ಸಾಯುವವರೆಗೂ ಕೂರಲಿಲ್ಲ. ಇವತ್ತು ನಿನ್ನ ಟೋಪಿಯನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ. ಮನೆ ಬರುವವರೆಗೂ ಅದು ಒಮ್ಮೆಯೂ ಅಲುಗಲಿಲ್ಲ.