ಪೆನಾಂಗ್‌ನಲ್ಲಿ ಸಂಕಷ್ಟಿ

ಅಕ್ಟೋಬರ್ 6, ಸೋಮವಾರ. ಜಯನಗರ

ಇವತ್ತೂ ವಾಕಿಂಗ್ ತಪ್ಪಿತು. ಪಾಸ್‌ಪೋರ್ಟ್ ಎರಡೂ ಇವೆಯೇ ಅಂತ ಮತ್ತೆ ಮತ್ತೆ ನೋಡುವುದರಲ್ಲೇ ಬೆಳಿಗ್ಗೆ ಕಳೆಯಿತು. ಜಯಾ ನಗುತ್ತಾಳೆ. ನಗಲಿ. ಕಳೆದುಹೋದರೆ ಪರದೇಶದ ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವ ಗಂಡ ನಾನು, ಅವಳಲ್ಲ. ವಿಮಾನ ಅಂದರೆ ಭಯ. ಮಲೇಷ್ಯಾದ ಮಳೆ ಅಂದರೆ ಭಯ. ಊಟ ಅಂದರೆ ಇನ್ನೂ ಭಯ — ಪಲ್ಯಕ್ಕೂ ಒಣಮೀನು ಉದುರಿಸುತ್ತಾರಂತೆ. ಆದರೆ ಒಂದು ಸಲವಾದರೂ ಸಮುದ್ರ ದಾಟಬೇಕು ಅಂತ ಮದುವೆಯಾದಾಗಿನಿಂದ ಅವಳ ಆಸೆ. ಹೋಗಿ ಬಂದುಬಿಡೋಣ.

ಮಗಳು ವಿಭಾ ಸುಬ್ರಹ್ಮಣ್ಯಪುರದಿಂದ ಬಂದಿದ್ದಳು. ಅಮ್ಮನ ಶುಗರ್ ಮಾತ್ರೆಯ ಡಬ್ಬಿ ನನ್ನ ಕೈಗೆ ಕೊಟ್ಟಳು. ಮೈಸೂರಿನ ಮದುವೆಗೆ ಹೋದಾಗ ಅಮ್ಮ ಮರೆತಿದ್ದಳಂತೆ, ಈ ಸಲ ಜವಾಬ್ದಾರಿ ನನ್ನದು. ಸರಿ ಅಂದೆ. ಜಯಾಳಿಗೂ ಕಟ್ಟುನಿಟ್ಟಾಗಿ ಹೇಳಿದ್ದೇನೆ — ಟೂರ್ ಮುಗಿಯುವವರೆಗೆ ಉಪವಾಸ, ವ್ರತ, ಏನೂ ಕೂಡದು. ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. ಒಪ್ಪಿದ ಹಾಗೇ.

ಅಕ್ಟೋಬರ್ 8, ಬುಧವಾರ. ಪೆನಾಂಗ್

ಬಂದು ಇಳಿದೆವು. ವಿಮಾನ ಕುಲುಕಿದಾಗ ಜಯಾಳ ಕೈ ಗಟ್ಟಿಯಾಗಿ ಹಿಡಿದಿದ್ದೆ. ಪಕ್ಕದ ಸೀಟಿನವರಿಗೆ ತೋರಿಸಿ ನಕ್ಕಳು. ಮರ್ಯಾದೆ ಹೋಯಿತು.

ಹೋಟೆಲ್ ಇರುವುದು ಜಾರ್ಜ್‌ಟೌನ್ ಅನ್ನುವ ಹಳೇ ಪೇಟೆಯಲ್ಲಿ. ಒಂದೇ ಸಮನೆ ಮಳೆ. ನಮ್ಮ ಫೋರ್ತ್ ಬ್ಲಾಕ್‌ನಲ್ಲಿ ಹೀಗೆ ಸುರಿದರೆ ಆಟೋದವರು ಡಬಲ್ ಕೇಳುತ್ತಾರೆ. ರೋಟಿ ಚನಾಯ್ ಅಂತ ಪದರ ಪದರದ ಪರೋಟ, ಜೊತೆಗೆ ಬೇಳೆ ಸಾರು. ನಾನು ಮೂಸಿ ನೋಡುವಷ್ಟರಲ್ಲಿ ಜಯಾ ಎರಡು ಮುಗಿಸಿದ್ದಳು. ಅವಳಿಗೆ ಯಾವ ಭಯವೂ ಇಲ್ಲ. ಅವಳ ಪಾಲಿನದೂ ಸೇರಿಸಿ ನನಗೇ ಕೊಟ್ಟಿದ್ದಾನೆ ದೇವರು.

ಅಕ್ಟೋಬರ್ 10, ಶುಕ್ರವಾರ, ಬೆಳಿಗ್ಗೆ

ಮಳೆ ಬಿಟ್ಟಿಲ್ಲ. ಜಯಾ ಬೇಗ ಎದ್ದು, ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗಿಸುತ್ತಿದ್ದಾಳೆ. ಮಾತ್ರೆ ಕೊಟ್ಟೆ. ಆಮೇಲೆ ತಗೊಳ್ತೀನಿ ಅಂದಳು. ಆ ಆಟ ನನ್ನ ಹತ್ತಿರ ನಡೆಯುವುದಿಲ್ಲ. ಎದುರಿಗೇ ನಿಂತೆ. ಒಂದು ಗಳಿಗೆ ನನ್ನ ಮುಖ ನೋಡಿ ನುಂಗಿದಳು. ತಿಂಡಿ ಹೊರಗೇ ಮಾಡೋಣ, ಹೋಟೆಲಿನಲ್ಲಿ ಮೊಟ್ಟೆ ವಾಸನೆ ಅಂದಳು.

ಅದೇ ದಿನ, ಮಧ್ಯಾಹ್ನ

ಟೀ ಅಂಗಡಿಯಲ್ಲಿ ಕೂತಿದ್ದೇವೆ. ಛತ್ರಿ ತಿರುಚಿಕೊಂಡಿದೆ. ಬೀದಿ ಗೋಡೆಗಳ ಮೇಲೆ ಬರೆದ ಚಿತ್ರಗಳನ್ನು ನೋಡಿಯಾಯಿತು. ಸಮುದ್ರದೊಳಗೆ ಕಂಬ ನೆಟ್ಟು ಕಟ್ಟಿದ ಮನೆಗಳನ್ನೂ ನೋಡಿದೆವು. ಓಡಾಡಲು ಹಲಗೆ ಹಾಸಿದ್ದಾರೆ, ಸಂದಿನಲ್ಲಿ ಕೆಳಗಿನ ನೀರು ಕಾಣುತ್ತದೆ. ಜಾರಿದರೆ ಗತಿಯೇನು? ಜೀವ ಕೈಯಲ್ಲಿ ಹಿಡಿದು ನಡೆದೆ.

ತಿನ್ನುವುದಕ್ಕೆ ಮಾತ್ರ ಮೋಸವಿಲ್ಲ. ತಮಿಳು ಹೆಂಗಸೊಬ್ಬಳು ಬೀದಿಯಲ್ಲೇ ದೋಸೆಯ ಹಾಗೆ ಹುಯ್ದು ಕೊಡುವ ಬಿಸಿ ಅಪ್ಪಂ. ಜಾಯಿಕಾಯಿ ಶರಬತ್ತು. ಎಲ್ಲವನ್ನೂ ಎರಡೆರಡು ಹೇಳಿದೆ. ಜಯಾ ಚೂರು ಮುರಿದು, ನಿಮಗೆ ಇಷ್ಟ ಅಲ್ವಾ ಅಂತ ನನ್ನ ತಟ್ಟೆಗೇ ತಳ್ಳುತ್ತಾಳೆ. ಅವಳದನ್ನೂ ನಾನೇ ತಿಂದೆ. ಸಖತ್ತಾಗಿತ್ತು. ಇಷ್ಟಕ್ಕೇನಾ ಸಮುದ್ರ ದಾಟಿಸಿದ್ದು ಅಂತ ರೇಗಿಸಿದರೆ ಮುಖ ಗಂಟು ಹಾಕಿದಳು. ಕೈ ತಣ್ಣಗಿದೆ. ಮಳೆಯ ಚಳಿ ಇರಬೇಕು.

ಅಕ್ಟೋಬರ್ 11, ಶನಿವಾರ, ಬೆಳಿಗ್ಗೆ. ಆಸ್ಪತ್ರೆ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಟೀ ಅಂಗಡಿಯಿಂದ ಎದ್ದು ನಾಲ್ಕು ಹೆಜ್ಜೆ ನಡೆದಿರಬೇಕು. ಜಯಾ ನಿಂತುಬಿಟ್ಟಳು. ಜಯನಗರದ ಮನೆಗೆ ಯಾವ ಕಡೆ ತಿರುಗಬೇಕು ಅಂತ ಕೇಳಿದಳು. ತಮಾಷೆ ಅಂದುಕೊಂಡೆ. ಆಮೇಲೆ ಮಾತು ತೊದಲಿತು. ಆ ಚಳಿಯಲ್ಲಿ ಹಣೆ, ಕುತ್ತಿಗೆ ಎಲ್ಲಾ ಬೆವರು. ಹಾಗೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದಳು.

ಶುಗರ್ ಇಳಿದಿದೆ ಅಂತ ಆಗ ಹೊಳೆಯಿತು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನು ಹೋಗಿದೆ? ಏನೂ ಇಲ್ಲ. ಎಲ್ಲಾ ನಾನೇ ತಿಂದಿದ್ದೆ. ಅಯ್ಯೋ ದೇವರೇ. ಮುರುಕು ತಮಿಳಿನಲ್ಲಿ ಸಕ್ಕರೆ, ಸಕ್ಕರೆ ಅಂತ ಕಿರುಚಿದೆ. ಅಂಗಡಿಯವರು ಬೆಲ್ಲದ ಪಾನಕ ಲೋಟದಲ್ಲಿ ತಂದರು. ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡಳು. ಕೈಯಿಂದ ಲೋಟ ತಳ್ಳಿದಳು.

"ಬೇಡ ರೀ... ಇನ್ನೂ ಚಂದ್ರ ಬಂದಿಲ್ಲ."

ಸಂಕಷ್ಟಿ. ನಿನ್ನೆ ಸಂಕಷ್ಟಿ. ಚಂದ್ರನನ್ನು ನೋಡುವವರೆಗೆ ಅವಳು ತೊಟ್ಟು ಹಾಲೂ ಮುಟ್ಟುವವಳಲ್ಲ. ನಾನು ಬೈಯುತ್ತೇನೆ ಅಂತ ನನಗೆ ಹೇಳಿಲ್ಲ. ಆಕಾಶ ನೋಡಿದೆ. ಇನ್ನೂ ಸಂಜೆಯೂ ಆಗಿಲ್ಲ, ಕಪ್ಪು ಮೋಡ, ಸುರಿಯುವ ಮಳೆ. ರಾತ್ರಿಯಾದರೂ ಎಲ್ಲಿಯ ಚಂದ್ರ?

ಎದುರಿನ ಅಂಗಡಿಯಲ್ಲಿ ಚೀನೀಯರ ಹಬ್ಬಕ್ಕೆ ಕಟ್ಟಿದ ದುಂಡನೆಯ ಬಿಳಿ ಕಾಗದದ ದೀಪ ಉರಿಯುತ್ತಿತ್ತು. ಅವಳ ಗಲ್ಲ ಹಿಡಿದು ಆ ಕಡೆ ತಿರುಗಿಸಿದೆ.

"ಅಗೋ ನೋಡೇ, ಬಂದ. ಕೈ ಮುಗಿ."

ಕೈ ಎತ್ತಲು ಆಗುತ್ತಿರಲಿಲ್ಲ. ನಾನೇ ಎರಡೂ ಕೈ ಹಿಡಿದು ಜೋಡಿಸಿದೆ. ಆ ದೀಪಕ್ಕೆ ಮುಗಿದು ಬಾಯಿ ತೆರೆದಳು. ಅರ್ಧ ಲೋಟ ಇಳಿಯಿತು. ಆಮೇಲೆ ಆಂಬುಲೆನ್ಸ್.

ವಿಭಾಗೆ ಫೋನ್ ಮಾಡಿದೆ. ಅಳುತ್ತಲೇ ಹೇಳಿದಳು. "ಅಪ್ಪ, ಸಂಕಷ್ಟಿ ದಿನ ಅಮ್ಮ ಆ ಮಾತ್ರೆ ತಗೊಳ್ಳೋದೇ ಇಲ್ಲ. ಊಟ ಇಲ್ದೆ ತಗೊಂಡ್ರೆ ಡೇಂಜರ್ ಅಂತ ಡಾಕ್ಟರ್ ಹೇಳಿದಾರೆ. ನಿನಗೆ ಗೊತ್ತಿರ್ಲಿಲ್ವಾ?" ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೇನೆ. ಗೊತ್ತಿರಲಿಲ್ಲ. ಎದುರಿಗೆ ನಿಂತು ನುಂಗಿಸಿದವನು ನಾನು.

ಮಾತ್ರೆಯ ಜೋರು ಇನ್ನೂ ಮೈಯಲ್ಲಿದೆ, ಶುಗರ್ ಮತ್ತೆ ಇಳಿಯಬಹುದು ಅಂತ ಡಾಕ್ಟರ್ ಹೇಳಿದರು. ನರ್ಸ್ ಗಂಟೆಗೊಂದು ಸಲ ಬೆರಳು ಚುಚ್ಚಿ ನೋಡುತ್ತಾಳೆ. ಪ್ರತಿ ಸಲವೂ ಆ ನರ್ಸ್ ಮುಖವನ್ನೇ ನೋಡುತ್ತೇನೆ. ಜಯಾ ಇಲ್ಲದೆ ಬದುಕುವುದು ನನಗೆ ಬರುವುದಿಲ್ಲ. ಗ್ಯಾಸ್ ಬುಕ್ ಮಾಡುವುದೂ ಬರುವುದಿಲ್ಲ.

ಅದೇ ದಿನ, ಮಧ್ಯಾಹ್ನ

ಜಯಾ ಎದ್ದಳು. ಗುರುತು ಹಿಡಿದಳು. ಎರಡು ಚಮಚ ಗಂಜಿ ಕುಡಿದು ಸಾಕು ಅಂದಳು. ಕಿಟಕಿಯಾಚೆ ಅದೇ ಮಳೆ. ಅದನ್ನೇ ಸುಮಾರು ಹೊತ್ತು ನೋಡಿದಳು. ಆಮೇಲೆ ಕೇಳಿದಳು.

"ರೀ, ನಿನ್ನೆ ಚಂದ್ರ ಬಂದಿದ್ದು ನಿಜ ತಾನೇ?"

ಬಂದಿದ್ದ ಕಣೇ, ನೀನೇ ಕೈ ಮುಗಿದೆಯಲ್ಲ ಅಂದೆ.

"ಸದ್ಯ. ನಿಮಗೆ ಸ್ಟೆಂಟ್ ಹಾಕಿದಾಗ ಹರಕೆ ಹೊತ್ತಿದ್ದು. ಒಂದೂ ತಪ್ಪಿಸಿಲ್ಲ. ಇನ್ನು ನಿಮಗೇನೂ ಭಯ ಇಲ್ಲ ಬಿಡಿ."

ಹಾಗಂದು ಕಣ್ಣು ಮುಚ್ಚಿದಳು. ನನಗಾಗಿಯಂತೆ. ಪ್ರತಿ ತಿಂಗಳೂ. ನನಗೆ ಭಯ ಇಲ್ಲವಂತೆ.

ನಿದ್ದೆ ಬಂದಿದೆಯೋ ಸುಮ್ಮನೆ ಮಲಗಿದ್ದಾಳೋ ತಿಳಿಯುತ್ತಿಲ್ಲ. ಮೆಲ್ಲಗೆ ಕರೆದೆ. ಇನ್ನೊಂದು ಸಲ ಕರೆದೆ. ಹಣೆ ಮುಟ್ಟಿದರೆ ಒದ್ದೆ. ಮತ್ತೆ ಬೆವರು. ನರ್ಸ್ ಎಲ್ಲಿ —