ಮಾತು ಬಂದ ಮೇಲೆ

ವೀರನಹೊಸಹಳ್ಳಿ,
13 ಸೆಪ್ಟೆಂಬರ್ 2025, ಶನಿವಾರ

ಪ್ರೀತಿಯ ಚಿನ್ನುವಿನ ಅಪ್ಪನಿಗೆ,

ಹೇಗಿದ್ದೀರಿ? ಮೊಣಕಾಲಿನ ನೋವು ಕಡಿಮೆ ಆಯಿತಾ? ನಿಮ್ಮ ಗಡಿ ಠಾಣೆಯಲ್ಲಿ ಆಗಲೇ ಚಳಿ ಹಿಡಿದಿರಬೇಕು. ನಾನು ಕಟ್ಟಿ ಕೊಟ್ಟ ಉಣ್ಣೆಯ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಡಿ, ಕಾಲಿಗೆ ಹಾಕಿಕೊಳ್ಳಿ. ಇಲ್ಲಿ ಅತ್ತೆಯೂ ಚೆಲುವರಾಜು ಭಾವನೂ ಆರೋಗ್ಯವಾಗಿದ್ದಾರೆ. ಬ್ಯಾರನ್ನಿನ ಗೂಡಿನಲ್ಲಿ ಹೊಗೆಸೊಪ್ಪು ಬಿಸಿಗೆ ಚೆನ್ನಾಗಿ ಬೆಂದಿದೆ, ನಿಂಬೆಹಣ್ಣಿನ ಬಣ್ಣ ಬಂದಿದೆ ಎಂದು ಭಾವ ಬಂದವರಿಗೆಲ್ಲ ಎಲೆ ಹಿಡಿದು ತೋರಿಸುತ್ತಾರೆ. ನಾನೂ ಚೆನ್ನಾಗಿದ್ದೇನೆ, ನಿದ್ದೆ ಒಂದು ಬಿಟ್ಟು.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡಿ. ಸಿಗ್ನಲ್ ಸಿಕ್ಕಾಗ ನೀವು ಫೋನ್ ಮಾಡುತ್ತೀರಿ, ಅತ್ತೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ "ಮಗಿನ್ ಮಾತೇ ಹೋಯ್ತಲ್ಲ ಕಣಪ್ಪ ಸಿವು" ಎಂದು ಅಳು ಶುರು. ನೀವು ಅಲ್ಲಿಂದ "ಅಳಬೇಡ ಕಣವ್ವ" ಎನ್ನುತ್ತೀರಿ, ಲೈನು ಹೋಗುತ್ತದೆ. ಹೋದ ವಾರ ಹಾಗೆ ಲೈನು ಹೋಗುವ ಮೊದಲು ನೀವು ನನಗೆ ಹೇಳಿದ ಮಾತು ಒಂದೇ: "ಮಾತು ಬರೋವರೆಗೂ ಕರೆಂಟು ಗಿರೆಂಟು ಏನೂ ಬ್ಯಾಡ. ಸಂಕ್ರಾಂತಿಗೆ ರಜೆ ಹಾಕಿ ಬತ್ತೀನಿ, ಮಾತು ಬಂದ ಮೇಲೆ ನೋಡಾನ." ಅದಕ್ಕೆ ಉತ್ತರ ಫೋನಿನಲ್ಲಿ ಹಿಡಿಸುವುದಿಲ್ಲ.

ನೀವು ಇಲ್ಲದಾಗ ನಡೆದದ್ದನ್ನು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ಸೊಪ್ಪು ಮುರಿಯಲು ಶುರು ಮಾಡಿದ ಹೊತ್ತಿಗೇ ಚಿನ್ನು ಬೆಳಗಾದರೆ ವಾಂತಿ ಮಾಡುತ್ತಿದ್ದಳು. ವಾಂತಿ ಆದ ಮೇಲೆ ತಲೆನೋವು ಇಳಿದು ಆಟಕ್ಕೆ ಓಡುತ್ತಿದ್ದಳು. ನಿಮ್ಮೂರಿನಲ್ಲಿ ಅದಕ್ಕೆ ಯಾರೂ ಹೆದರಲಿಲ್ಲ. ಹಸಿ ಹೊಗೆಸೊಪ್ಪಿನ ಅಂಟು ಮೈಗೆ ತಾಗಿದರೆ ಎಂಥವರಿಗೂ ತಲೆ ಸುತ್ತಿ ವಾಂತಿ ಬರುತ್ತದೆ, ಮಂಜು ಬಿದ್ದ ಬೆಳಗಿನಲ್ಲಿ ಇನ್ನೂ ಜಾಸ್ತಿ. "ಸೊಪ್ಪಿನ ಗಾಳಿ ಕುಡ್ದದೆ ಬುಡಮ್ಮಿ, ನಿನ್ ಗಂಡಂಗೂ ಚಿಕ್ಕೋನಾಗಿದ್ದಾಗ ಅಂಗೇ ಆಗ್ತಿತ್ತು" ಎಂದು ಅತ್ತೆ ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸಿದರು. ಹುಣಸೂರಿನ ಡಾಕ್ಟರು ಕೂಡ ಊರು ಯಾವುದು ಎಂದು ಕೇಳಿ, "ಓ, ಹೊಗೆಸೊಪ್ಪಿನವರು" ಎಂದು ನಕ್ಕು ಸಿರಪ್ಪು ಬರೆದುಕೊಟ್ಟರು. ಮಗು ಸೊಪ್ಪು ಮುಟ್ಟುವುದೇ ಇಲ್ಲ ಎಂದೆ. "ಮನೇಲೇ ಇದ್ಯಲ್ಲಮ್ಮ" ಎಂದರು.

ಆಮೇಲೆ ನಡಿಗೆ ಓಲಾಡತೊಡಗಿತು. ಜಗಲಿಯಲ್ಲಿ ಸೊಪ್ಪು ಕಡ್ಡಿಗೆ ಕಟ್ಟುವ ಹೆಂಗಸರ ಮುಂದೆ ಇವಳು ತೂರಾಡಿಕೊಂಡು ಬಂದರೆ ಭಾವ "ಏನಮ್ಮಿ, ಬೆಳಿಗ್ಗೆನೇ ಕ್ವಾರ್ಟರ್ ಹೊಡ್ದಿದ್ದೀಯ" ಎನ್ನುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಜನ ನಗುತ್ತಾರೆ ಎಂದು ಇವಳೂ ಬೇಕೆಂದೇ ಇನ್ನಷ್ಟು ತೂರಾಡಿ, "ನಂಗೆ ಇನ್ನೊಂದು ಹಾಕ್ರಪ್ಪೋ" ಎಂದು ಕೈ ಚಾಚುತ್ತಿದ್ದಳು. ಯಾವುದು ಆಟ, ಯಾವುದು ಕಾಯಿಲೆ ಎಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಹಾಗೇ ನಗಿಸುತ್ತಾ ಬಿದ್ದಳು. ಹಣೆ ಒಡೆಯಿತು. ಆಗಲೂ ಒಬ್ಬಳು ನಗುತ್ತಲೇ ಇದ್ದಳು.

ಮೈಸೂರಿನಲ್ಲಿ ಮಕ್ಕಳ ಡಾಕ್ಟರು ಅವಳನ್ನು ನೆಲದ ಟೈಲ್ಸಿನ ಗೆರೆಯ ಮೇಲೆ ನಡೆಸಿದರು, ಮೂಗು ಮುಟ್ಟಿಸಿದರು, ಕಣ್ಣಿನೊಳಗೆ ಲೈಟು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ನರ ಊದಿಕೊಂಡಿದೆ, ತಲೆಯೊಳಗೆ ಒತ್ತಡ ಏರಿದೆ, ಮನೆಗೆ ಹೋಗುವಂತಿಲ್ಲ ಎಂದರು. ಅದರ ನಂತರದ್ದು ನಿಮಗೂ ಗೊತ್ತು. ಸ್ಕ್ಯಾನಿನಲ್ಲಿ ಹಿಂದಲೆಯ ಸಣ್ಣ ಮೆದುಳಿನ ನಡುವೆ ಗಡ್ಡೆ, ಅದು ಮೆದುಳಿನ ನೀರು ಹರಿಯುವ ದಾರಿಗೆ ಅಡ್ಡ ಕೂತಿತ್ತು. ನೀವು ಓಡಿಬಂದಿರಿ, ಆಪರೇಷನ್ ಆಯಿತು, ಐಸಿಯುವಿನಲ್ಲಿ ಅವಳು ಕಣ್ಣು ಬಿಟ್ಟು "ಅಪ್ಪ, ನೀರು" ಎಂದಳು. ಅಷ್ಟು ಕೇಳಿಸಿಕೊಂಡು ನೀವು ರೈಲು ಹತ್ತಿದಿರಿ. ಮಾರನೆಯ ದಿನ ನಾನು ನೀರು ಹಿಡಿದು "ಏನು ಬೇಕು ಕಂದ" ಎಂದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆಯಿತು. ಏನೂ ಬರಲಿಲ್ಲ. ಅವತ್ತಿನಿಂದ ಒಂದಕ್ಷರ ಇಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಆ ಜಾಗದ ಗಡ್ಡೆ ತೆಗೆದ ಮಕ್ಕಳಲ್ಲಿ ಕೆಲವರಿಗೆ ಹೀಗೆ ಆಗುತ್ತದಂತೆ, ಒಂದೆರಡು ದಿನ ಮಾತಾಡಿ ಆಮೇಲೆ ಮಾತು ನಿಲ್ಲುತ್ತದಂತೆ. ಮಗು ಮಾತು ಮರೆತಿಲ್ಲ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ನಾಲಿಗೆಗೆ ಬರುವ ದಾರಿ ಮುಚ್ಚಿದೆ ಅಷ್ಟೆ. ವಾರಗಳಾಗಬಹುದು, ತಿಂಗಳುಗಳಾಗಬಹುದು, ಬಂದರೂ ಮೊದಲಿನ ಹಾಗೆ ಬಾರದೇ ಇರಬಹುದು. ಇದನ್ನು ನಾನು ಅತ್ತೆಗೆ ಅವರ ಮಾತಿನಲ್ಲೇ ಎಷ್ಟು ಸಲ ಹೇಳಿದೆನೋ. "ಓದಿರೋಳು ಅಂತ ತಂದ್ವಿ, ಕುಯ್ಸಿ ಮಗಿನ್ ನಾಲ್ಗೆನೇ ನುಂಗ್ಬುಟ್ಲು" ಎಂದು ನೀರು ತರುವವರ ಮುಂದೆ ಹೇಳುತ್ತಾರೆ. ನನಗೆ ಕೇಳಲಿ ಎಂದೇ ಹೇಳುತ್ತಾರೆ.

ಅದನ್ನೂ ನುಂಗಿದೆ. ಮೊನ್ನೆ ಗುರುವಾರದ್ದು ನುಂಗಲು ಆಗಲಿಲ್ಲ. ನಾನು ಬೆಳಗಾಗುತ್ತಲೇ ಬಟ್ಟೆ ಒಗೆಯಲು ಹೋಗಿ ಬರುವಷ್ಟರಲ್ಲಿ ಅತ್ತೆ ಇವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಮೊಸರನ್ನದ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಿದ್ದರು. "ಅಜ್ಜಿ ಅನ್ನು, ಕೊಡ್ತೀನಿ. ಹಟ ಮಾಡ್ತೀಯ? ಅನ್ನು, ಅಜ್ಜಿ ಅನ್ನು." ಭಾವ ಪಕ್ಕದಲ್ಲೇ ನಿಂತು "ಹಸ್ದ್ರೆ ಬತ್ತದೆ ಬುಡವ್ವ, ಮಧ್ಯಾಹ್ನದ ಗಂಟ ಕೊಡ್ಬ್ಯಾಡ" ಎನ್ನುತ್ತಿದ್ದರು. ಬೆಳಿಗ್ಗೆಯೂ ಕೊಟ್ಟಿರಲಿಲ್ಲವಂತೆ. ಚಿನ್ನುವಿನ ಜೊಲ್ಲು ಎದೆಗೆ ಇಳಿದಿತ್ತು. ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು, ಕತ್ತಿನ ನರ ಎದ್ದಿತ್ತು, ಬಂದದ್ದು ಬೆಕ್ಕಿನ ಮರಿಯಂಥ ಒಂದು ಸದ್ದು. "ನೋಡು, ಬತ್ತಾ ಅದೆ, ಬತ್ತಾ ಅದೆ" ಎಂದು ಅತ್ತೆ ಬಟ್ಟಲನ್ನು ಇನ್ನೂ ಹಿಂದಕ್ಕೆ ಎಳೆದುಕೊಂಡರು. ನಾನು ಕಿತ್ತುಕೊಂಡೆ. ಅತ್ತೆ ಅಳುತ್ತಾ ಕೂತರು. ಅವರದ್ದು ಪ್ರೀತಿಯೇ, ನನಗೆ ಗೊತ್ತಿಲ್ಲವಾ? ಆದರೆ ಆ ಪ್ರೀತಿಯ ಕೈಗೆ ಮಗುವನ್ನು ಸಂಕ್ರಾಂತಿಯವರೆಗೂ ಹೇಗೆ ಕೊಡಲಿ?

ಈಗ ನಿಮ್ಮ ಮಾತಿಗೆ ಬರುತ್ತೇನೆ. ಕಾಯಬಹುದಾ ಎಂದು ನಾನು ಡಾಕ್ಟರನ್ನು ಕೇಳಿದೆ, ನೀವು ಕೇಳಿದ ಹಾಗೇ ಕೇಳಿದೆ. ಗಡ್ಡೆ ಪೂರ್ತಿ ತೆಗೆದಿದ್ದರೂ ಇದು ಬೀಜ ಉದುರಿಸುವ ಜಾತಿ. ಮೆದುಳಿನ ನೀರಿನ ಜೊತೆ ಬೆನ್ನುಹುರಿಗೆ ಇಳಿದು ಅಲ್ಲಿ ಮೊಳೆಯುತ್ತದೆ. ಬೆನ್ನಿನ ಸ್ಕ್ಯಾನಿನಲ್ಲಿ ಈಗ ಏನೂ ಕಾಣುತ್ತಿಲ್ಲ, ಅದಕ್ಕೇ ಈಗಲೇ ತಲೆಗೂ ಬೆನ್ನಿನ ಉದ್ದಕ್ಕೂ ಕರೆಂಟು, ಅವರ ಮಾತಿನಲ್ಲಿ ರೇಡಿಯೇಷನ್, ಕೊಡಬೇಕು, ಆಮೇಲೆ ಔಷಧಿ. ಆಪರೇಷನ್ ಆಗಿ ಏಳು ವಾರ ದಾಟಿದರೆ ಕೊಟ್ಟದ್ದಕ್ಕೆ ಬಲ ಕಡಿಮೆ. "ನಿಮ್ಮೆಜಮಾನರ ರಜೆ ನೋಡ್ಕೊಂಡು ಅದು ಬೆಳೆಯಲ್ಲಮ್ಮ" ಎಂದರು. ಬೆಲೆಯನ್ನೂ ಮುಚ್ಚಿಡಲಿಲ್ಲ. ಬೆನ್ನುಮೂಳೆ ಸರಿಯಾಗಿ ಬೆಳೆಯದೆ ಹುಡುಗಿ ಗಿಡ್ಡ ಉಳಿಯುತ್ತಾಳೆ, ಓದು ನಿಧಾನವಾಗುತ್ತದೆ, ಹಾರ್ಮೋನಿನ ಮಾತ್ರೆ ಬೇಕಾಗಬಹುದು. ಅತ್ತೆಗೆ ಇದನ್ನು ಹೇಳಿದ್ದೇ ತಪ್ಪಾಯಿತು. "ಮೂಗಿ, ಕುಳ್ಳಿ, ಪೆದ್ದಿ, ಇನ್ನೇನ್ ಮಾಡಿಸ್ಬೇಕು ಅಂತಿದ್ದೀಯ? ಯಾವನ್ ಕಟ್ಕೊಂಡಾನು?" ಆರು ವರ್ಷದ ಮಗುವಿಗೆ ಗಂಡ ಹುಡುಕುತ್ತಿದ್ದಾರೆ ನಿಮ್ಮವ್ವ. ಮೊದಲು ಅವಳು ಏಳನೆಯ ವರ್ಷ ಕಾಣಲಿ ಎಂದೆ. ಅದಕ್ಕೆ ಕೆಟ್ಟ ಬಾಯಿ ಎನ್ನಿಸಿಕೊಂಡೆ.

ಮಂಗಳವಾರ ಕರೆಂಟಿಗೆ ತಲೆಯ ಅಳತೆ ತೆಗೆಯಲು ಬರಹೇಳಿದ್ದಾರೆ. ನೀವು ಬೇಡ ಎಂದಿರುವಾಗ ಸಹಿ ಮಾಡಿದರೆ ಹೊಸ್ತಿಲು ತುಳಿಯಬೇಡ ಎಂದು ಭಾವ ಹೇಳಿದ್ದಾರೆ. ನಾನು ನಿಮ್ಮ ಮಾತು ಮೀರಿದವಳಲ್ಲ. ನೀವೇ ಒಂದು ಸಲ, ಅತ್ತೆಯ ಅಳು ಕೇಳಿ ಅಲ್ಲ, ಚಿನ್ನುವಿನ ತಲೆಯ ಹಿಂದಿನ ಹೊಲಿಗೆ ನೆನೆದು ಹೇಳಿ, ಕೊಡಿಸು ಎಂದು. ಕಾಗದ ಅಷ್ಟರೊಳಗೆ ಮುಟ್ಟುವುದಿಲ್ಲ, ಅದಕ್ಕೇ ಸೋಮವಾರದೊಳಗೆ ಸಿಗ್ನಲ್ ಸಿಕ್ಕರೆ ನನ್ನ ನಂಬರಿಗೇ ಮಾಡಿ ಎಂದು ಮೆಸೇಜೂ ಹಾಕಿದ್ದೇನೆ, ಹಿತ್ತಲಿಗೆ ಹೋಗಿ ಮಾತಾಡುತ್ತೇನೆ.

ಹೊಟ್ಟೆ ತುಂಬ ಊಟ ಮಾಡಿ. ನಿಮ್ಮ ಜೊತೆಯ ಹುಡುಗರಿಗೆಲ್ಲ ನಾನು ಕೇಳಿದೆನೆಂದು ಹೇಳಿ. ಹಿರಿಯರ ಆಶೀರ್ವಾದ ನಿಮ್ಮ ನೆತ್ತಿಯ ಮೇಲಿರಲಿ, ಚಿನ್ನುವಿನ ಕೈಯಿಂದ ಈ ಕಾಗದ ಮುಟ್ಟಿಸಿದ್ದೇನೆ.

ನಿಮ್ಮ ದಾರಿ ನೋಡುವ,
ಭಾವನಾ

ತಾ.ಕ.: ಮಂಗಳವಾರ, ಮೈಸೂರು. ಕಾಗದ ಚೀಲದಲ್ಲೇ ಉಳಿದಿತ್ತು. ನಿಮ್ಮ ಫೋನ್ ಬರಲಿಲ್ಲ. ಗಾಯ ತೋರಿಸಿ ಬರುತ್ತೇನೆ ಎಂದು ಸುಳ್ಳು ಹೇಳಿ ಮೊದಲ ಬಸ್ಸಿಗೆ ಬಂದು ಸಹಿ ಹಾಕಿದೆ. ಕರೆಂಟು ಕೊಡುವಾಗ ತಲೆ ಅಲ್ಲಾಡದಿರಲು ಮುಖಕ್ಕೊಂದು ಅಚ್ಚು ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ ಬಲೆಯಂಥ ಹಾಳೆಯನ್ನು ಮುಖದ ಮೇಲೆಳೆದು ಗಟ್ಟಿಯಾಗುವವರೆಗೂ ಒತ್ತಿ ಹಿಡಿಯಬೇಕು. ನಾನು ಅವಳ ಎರಡೂ ಕೈ ಹಿಡಿದಿದ್ದೆ. ಆಗ ಚಿನ್ನು ಮಾತಾಡಿದಳು. ಬಲೆಯೊಳಗಿಂದ "ಬ್ಯಾಡ" ಎಂದಳು. ಆಮೇಲೆ "ಅಮ್ಮ, ಬ್ಯಾಡ." ಹಾಳೆ ಹಿಡಿದಿದ್ದವರು ಕೈ ಸಡಿಲಿಸಿ ನನ್ನ ಮುಖ ನೋಡಿದರು. ಒತ್ತಿ ಎಂದೆ. ಮುಂದಿನ ಸೋಮವಾರದಿಂದ ಕರೆಂಟು ಶುರು, ಅಲ್ಲಿಯವರೆಗೂ ನಾವು ಆಸ್ಪತ್ರೆ ಹತ್ತಿರದ ಛತ್ರದಲ್ಲೇ ಇರುತ್ತೇವೆ. ಅವಳು ಮತ್ತೆ ಮಾತಾಡಿಲ್ಲ, ನನ್ನ ಕಡೆ ತಿರುಗಿಯೂ ಇಲ್ಲ. ಮೊಮ್ಮಗಳಿಗೆ ಮಾತು ಬಂತು ಎಂದು ಅತ್ತೆಗೆ ನೀವೇ ತಿಳಿಸಿ. ಏನೆಂದಳು ಎಂದು ಮಾತ್ರ ಹೇಳಬೇಡಿ.